ಮೂರನೆಯವರಿಗೆ ಕಿರೀಟ: ಕಾರ್ ರೇಸಿನ ಕೂಡು-ಕಳೆ ಲೆಕ್ಕ

2025ರ ಡಿಸೆಂಬರ್ 7, ಭಾನುವಾರ ಸಂಜೆ. ಅಬುಧಾಬಿಯಲ್ಲಿ ಆ ವರ್ಷದ ಕೊನೆಯ ಫಾರ್ಮುಲಾ ಒನ್ ರೇಸು ಮುಗಿದಿತ್ತು. ಮೊದಲು ಗುರಿ ಮುಟ್ಟಿದವರು ನೆದರ್ಲೆಂಡ್ಸ್‌ನ ಮ್ಯಾಕ್ಸ್ ವರ್ಸ್ಟಾಪನ್. ಎರಡನೆಯವರು ಆಸ್ಟ್ರೇಲಿಯಾದ ಆಸ್ಕರ್ ಪಿಯಾಸ್ಟ್ರಿ. ಮೂರನೆಯವರಾಗಿ ಬಂದ ಇಂಗ್ಲೆಂಡಿನ ಲ್ಯಾಂಡೊ ನಾರಿಸ್ ಮಾತ್ರ ಆನಂದದಿಂದ ಅಳುತ್ತಿದ್ದರು. ಅವರ ತಂಡದವರು ಕುಣಿಯುತ್ತಿದ್ದರು, ಕ್ಯಾಮೆರಾಗಳೆಲ್ಲ ಅವರ ಹಿಂದೆಯೇ ಓಡುತ್ತಿದ್ದವು.

ಟೀವಿ ಮುಂದೆ ಕೂತಿದ್ದ ನನ್ನ ಮೊಮ್ಮಗಳಿಗೆ ಇದು ಅರ್ಥವಾಗಲಿಲ್ಲ. "ತಾತ, ಫಸ್ಟ್ ಬಂದೋರು ಸುಮ್ನೆ ನಿಂತಿದ್ದಾರೆ, ಮೂರನೇವ್ರಿಗೆ ಇಷ್ಟೊಂದು ಸಂಭ್ರಮ ಯಾಕೆ?" ಎಂದಳು.

ಅವಳಿಗೆ ಒಂದು ಹಾಳೆ, ಒಂದು ಪೆನ್ಸಿಲ್ಲು ತರಲು ಹೇಳಿದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಇಡೀ ಸೇವಾವಧಿ ಜಮಾ-ಖರ್ಚು ತಾಳೆ ನೋಡಿದವನಿಗೆ ಬೇರೇನು ತೋಚೀತು? ಆ ಹಾಳೆಯಲ್ಲಿ ನಾವು ಬರೆದದ್ದು ಇಷ್ಟು. ಕೊನೆಯ ರೇಸಿಗೆ ಮುಂಚೆ ನಾರಿಸ್ ಖಾತೆಯಲ್ಲಿ 408 ಅಂಕ, ವರ್ಸ್ಟಾಪನ್ ಖಾತೆಯಲ್ಲಿ 396, ಪಿಯಾಸ್ಟ್ರಿ ಖಾತೆಯಲ್ಲಿ 392. ಗೆದ್ದವರಿಗೆ 25, ಎರಡನೆಯವರಿಗೆ 18, ಮೂರನೆಯವರಿಗೆ 15. ಕೂಡಿಸಿದರೆ ವರ್ಸ್ಟಾಪನ್ 421, ಪಿಯಾಸ್ಟ್ರಿ 410, ನಾರಿಸ್ 423.

"ಬರೀ ಎರಡು ಅಂಕಾನಾ!" ಎಂದು ಬಾಯಿ ತೆರೆದಳು.

ಇನ್ನೊಂದು ಸಾಲು ಬರೆಯಲು ಹೇಳಿದೆ. ನಾರಿಸ್ ನಾಲ್ಕನೆಯವರಾಗಿ ಬಂದಿದ್ದರೆ? ನಾಲ್ಕನೆಯ ಸ್ಥಾನಕ್ಕೆ 12 ಅಂಕ. 408ಕ್ಕೆ 12 ಸೇರಿದರೆ 420. ವರ್ಸ್ಟಾಪನ್ ಅವರದು 421. ಒಂದೇ ಒಂದು ಸ್ಥಾನ ಕೆಳಗಿಳಿದಿದ್ದರೆ ವಿಶ್ವ ಚಾಂಪಿಯನ್ ಪಟ್ಟ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು. ಆ ಸಂಜೆ ನಾರಿಸ್ ಮೊದಲ ಸ್ಥಾನಕ್ಕಾಗಿ ಮೈಮೇಲೆ ಬಿದ್ದು ಹೋರಾಡಬೇಕಾಗಿರಲಿಲ್ಲ. ಮೂರನೆಯ ಸ್ಥಾನವನ್ನು ಕೈಬಿಡದಿದ್ದರೆ ಸಾಕಿತ್ತು. ಅದನ್ನೇ ಅವರು ಮಾಡಿದರು. ಆ ವರ್ಷ ಅತಿ ಹೆಚ್ಚು ರೇಸು ಗೆದ್ದವರು ವರ್ಸ್ಟಾಪನ್, ಎಂಟು. ನಾರಿಸ್ ಗೆದ್ದದ್ದು ಏಳು. ಆದರೂ ಕಿರೀಟ ನಾರಿಸ್ ತಲೆಗೆ.

ಶಾಲೆಯ ಲೆಕ್ಕದಲ್ಲಿ ಹೇಳುವುದಾದರೆ, ಇಲ್ಲಿ ಒಂದು ಪರೀಕ್ಷೆಯ ರ‍್ಯಾಂಕು ಮುಖ್ಯವಲ್ಲ, ವರ್ಷದ ಒಟ್ಟು ಅಂಕ ಮುಖ್ಯ. 2025ರಲ್ಲಿ ಇಂಥ 24 ಪರೀಕ್ಷೆಗಳಿದ್ದವು. ಪ್ರತಿ ರೇಸಿನಲ್ಲೂ ಮೊದಲ ಹತ್ತು ಮಂದಿಗೆ 25, 18, 15, 12, 10, 8, 6, 4, 2, 1 ಎಂದು ಅಂಕ. ಈ ಪದ್ಧತಿ ಬಂದದ್ದು 2010ರಲ್ಲಿ. ಇದರ ಜೊತೆಗೆ ಕೆಲವು ಊರುಗಳಲ್ಲಿ ಮುಖ್ಯ ರೇಸಿಗೂ ಮುಂಚೆ ಸ್ಪ್ರಿಂಟ್ ಎಂಬ ಪುಟ್ಟ ರೇಸು ನಡೆಯುತ್ತದೆ. ಅದರಲ್ಲಿ ಗೆದ್ದವರಿಗೆ 8, ಆಮೇಲೆ ಒಂದೊಂದೇ ಇಳಿದು ಎಂಟನೆಯವರಿಗೆ 1.

ಮೊದಲನೆಯವರಿಗೂ ಎರಡನೆಯವರಿಗೂ ನಡುವೆ ಏಳು ಅಂಕದ ಅಂತರವಿದೆ, ಆಮೇಲೆ ಮೂರು, ಮೂರು, ಎರಡು, ಎರಡು. ಚಾಂಪಿಯನ್ ಯಾರಾಗುತ್ತಾರೆ ಎಂದು ಮುಂಚೆಯೇ ಹೇಳಹೊರಟವರು ಮೊದಲು ಗಮನಿಸಬೇಕಾದ್ದು ಈ ಇಳಿಜಾರನ್ನು. ಹಿಂದೆ ಬಿದ್ದವರು ಪ್ರತಿ ಸಲ ಗೆದ್ದರೂ, ಮುಂದಿರುವವರು ಪ್ರತಿ ಸಲ ಎರಡನೆಯವರಾಗಿ ಬರುತ್ತಿದ್ದರೆ ಒಂದು ರೇಸಿಗೆ ಏಳೇ ಅಂಕ ಹಿಂದಿರುಗುತ್ತದೆ. 35 ಅಂಕದ ಸಾಲ ತೀರಿಸಲು ಐದು ರೇಸು ಬೇಕು!

ಈ ಲೆಕ್ಕಗಳಲ್ಲಿ ಎಂದೂ ಸುಳ್ಳಾಗದ ಲೆಕ್ಕ ಒಂದೇ. ಅದು ಯಾರು ಗೆಲ್ಲುತ್ತಾರೆ ಎಂದು ಹೇಳುವುದಿಲ್ಲ, ಯಾರಿಗೆ ಇನ್ನು ಗೆಲ್ಲಲು ಸಾಧ್ಯವೇ ಇಲ್ಲ ಎಂದು ಹೇಳುತ್ತದೆ. ಉಳಿದಿರುವ ರೇಸುಗಳನ್ನು 25ರಿಂದ ಗುಣಿಸಿ, ಉಳಿದ ಸ್ಪ್ರಿಂಟುಗಳನ್ನು 8ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ಬಂದ ಮೊತ್ತಕ್ಕಿಂತ ಅಂತರ ದೊಡ್ಡದಾಗಿದ್ದರೆ ಆ ಖಾತೆ ಮುಚ್ಚಿದಂತೆಯೇ.

ಇದಕ್ಕೆ ನಮ್ಮ ದೇಶದಲ್ಲೇ ನಡೆದ ಉದಾಹರಣೆ ಇದೆ. ದಿಲ್ಲಿಯ ಹತ್ತಿರ ಗ್ರೇಟರ್ ನೋಯ್ಡಾದಲ್ಲಿರುವ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟಿನಲ್ಲಿ 2011ರಿಂದ 2013ರವರೆಗೆ ಮೂರು ವರ್ಷ ಇಂಡಿಯನ್ ಗ್ರಾನ್ ಪ್ರೀ ನಡೆಯಿತು. ಮೂರನ್ನೂ ಗೆದ್ದವರು ಜರ್ಮನಿಯ ಸೆಬಾಸ್ಟಿಯನ್ ವೆಟೆಲ್. 2013ರಲ್ಲಿ ಅವರು ಇಲ್ಲಿಗೆ ಬಂದಾಗ ಖಾತೆಯಲ್ಲಿ 297 ಅಂಕ, ಎರಡನೆಯ ಸ್ಥಾನದ ಫರ್ನಾಂಡೊ ಅಲೊನ್ಸೊ ಬಳಿ 207. ಅಂತರ 90. ನೋಯ್ಡಾ ಸೇರಿ ನಾಲ್ಕು ರೇಸು ಉಳಿದಿದ್ದವು, ಅಂದರೆ 100 ಅಂಕ. ಕೂದಲೆಳೆಯಷ್ಟಾದರೂ ಆಸೆ ಅಲೊನ್ಸೊಗೆ ಇತ್ತು. ಅಂದು ವೆಟೆಲ್ ಗೆದ್ದರು, ಅಲೊನ್ಸೊ ಹನ್ನೊಂದನೆಯವರಾಗಿ ಬರಿಗೈಲಿ ಹೋದರು. ಅಂತರ 115ಕ್ಕೆ ಏರಿತು, ಉಳಿದದ್ದು ಮೂರು ರೇಸಿನ 75 ಅಂಕ. ಮುಂದೆ ಏನೇ ಆದರೂ ವೆಟೆಲ್ ನಾಲ್ಕನೆಯ ಸಲ ವಿಶ್ವ ಚಾಂಪಿಯನ್! ಅವರು ಕಾರನ್ನು ಗಿರಗಿರನೆ ತಿರುಗಿಸಿ ಟೈರಿನ ಹೊಗೆಯೆಬ್ಬಿಸಿ, ಇಳಿದು ಅದರ ಮುಂದೆ ಮಂಡಿಯೂರಿದರು. ಆಯುಧಪೂಜೆಯ ದಿನ ನಾವು ಗಾಡಿಗೆ ಕೈಮುಗಿಯುವ ಹಾಗೆಯೇ ಕಂಡಿತು ನನಗೆ.

ಇಲ್ಲಿಯವರೆಗೆ ಕೂಡು-ಕಳೆ. ಇನ್ನು ಮುಂದಿನದು ಭವಿಷ್ಯ ಹೇಳುವ ಕೆಲಸ. ಅದರಲ್ಲಿ ನಾನೂ ಕೈ ಸುಟ್ಟುಕೊಂಡಿದ್ದೇನೆ.

2025ರ ಆಗಸ್ಟ್ 31ರಂದು ನೆದರ್ಲೆಂಡ್ಸ್‌ನ ಜಾಂಡ್‌ವೋರ್ಟ್‌ನಲ್ಲಿ ಹದಿನೈದನೆಯ ರೇಸು. ಎರಡನೆಯ ಸ್ಥಾನದಲ್ಲಿ ಓಡುತ್ತಿದ್ದ ನಾರಿಸ್ ಅವರ ಕಾರು ಇನ್ನೇನು ಮುಗಿಯಿತು ಅನ್ನುವಾಗ ಕೆಟ್ಟು ನಿಂತಿತು. ಅವರು ಇಳಿದು ಪಕ್ಕದ ಮರಳ ದಿಬ್ಬದ ಮೇಲೆ ಒಬ್ಬರೇ ಕೂತುಬಿಟ್ಟರು. ಪಿಯಾಸ್ಟ್ರಿ ಗೆದ್ದರು. ಅಂದಿನ ಪಟ್ಟಿ: ಪಿಯಾಸ್ಟ್ರಿ 309, ನಾರಿಸ್ 275, ವರ್ಸ್ಟಾಪನ್ 205. ನಾನು ಸರಾಸರಿ ತೆಗೆದೆ. ಪಿಯಾಸ್ಟ್ರಿಯದು ರೇಸಿಗೆ 20.6, ವರ್ಸ್ಟಾಪನ್ ಅವರದು 13.7ರ ಹತ್ತಿರ. ಉಳಿದ ಒಂಬತ್ತು ರೇಸಿಗೂ ಇದೇ ದರ ಹಿಡಿದರೆ ವರ್ಷದ ಕೊನೆಗೆ ಪಿಯಾಸ್ಟ್ರಿ 494, ವರ್ಸ್ಟಾಪನ್ 328. ಬಡ್ಡಿ ಲೆಕ್ಕ ಹಾಕಿದಷ್ಟೇ ಧೈರ್ಯದಿಂದ "ಪಿಯಾಸ್ಟ್ರಿನೇ, ಬೇಕಿದ್ರೆ ಬರೆದಿಟ್ಕೋ" ಎಂದು ಮೊಮ್ಮಗಳಿಗೆ ಹೇಳಿದೆ. ಒಂದು ಮಸಾಲೆ ದೋಸೆ ಪಣ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು.

ಮುಂದಿನ ಒಂಬತ್ತು ರೇಸು, ಮೂರು ಸ್ಪ್ರಿಂಟುಗಳಲ್ಲಿ ಒಬ್ಬರಿಗೆ ಸಿಗಬಹುದಾಗಿದ್ದ ಗರಿಷ್ಠ ಅಂಕ 249. ಅದರಲ್ಲಿ ವರ್ಸ್ಟಾಪನ್ 216 ಬಾಚಿಕೊಂಡರು. ಒಂಬತ್ತರಲ್ಲಿ ಆರು ಗೆಲುವು, ಉಳಿದ ಮೂರರಲ್ಲೂ ಮೊದಲ ಮೂವರಲ್ಲಿ ಒಬ್ಬರು. ನಾರಿಸ್‌ಗೆ 148. ನನ್ನ ಪಿಯಾಸ್ಟ್ರಿಗೆ 101 ಮಾತ್ರ. ಬಾಕುವಿನಲ್ಲಿ ಮೊದಲ ಸುತ್ತಿನಲ್ಲೇ ಕಾರು ಗೋಡೆಗೆ ಗುದ್ದಿ ಸೊನ್ನೆ. ಸರಾಸರಿ ಎನ್ನುವುದು ಕಳೆದುಹೋದ ದಿನಗಳ ಲೆಕ್ಕ. ನಾಳೆ ಕಾರಿನಲ್ಲಿ ಹೊಸ ಬಿಡಿಭಾಗ ಕೂರಿಸುತ್ತಾರೋ, ನಾಡಿದ್ದಿನ ಊರಿನ ರಸ್ತೆ ಯಾವ ಕಾರಿಗೆ ಒಗ್ಗುತ್ತದೋ, ಅದಕ್ಕೆ ಗೊತ್ತಿಲ್ಲ. 104 ಅಂಕ ಹಿಂದಿದ್ದವರು ಕೊನೆಗೆ ಎರಡೇ ಅಂಕದಿಂದ ಸೋತರು ಎಂದರೆ ಯಾವ ಸರಾಸರಿ ಅದನ್ನು ಹೇಳೀತು?

ರೇಸು ಮುಗಿದ ಮೇಲೂ ಅಂಕ ಬದಲಾಗುವುದುಂಟು. ನವೆಂಬರಿನಲ್ಲಿ ಲಾಸ್ ವೆಗಾಸ್ ರೇಸಿನಲ್ಲಿ ವರ್ಸ್ಟಾಪನ್ ಮೊದಲು, ನಾರಿಸ್ ಎರಡನೆಯವರು, ಪಿಯಾಸ್ಟ್ರಿ ನಾಲ್ಕನೆಯವರು. ಆಮೇಲೆ ತಪಾಸಣೆ ಮಾಡುವವರು ಕಾರುಗಳ ತಳದಲ್ಲಿರುವ ಹಲಗೆಯ ದಪ್ಪ ಅಳೆದರು. ಅದು ಕನಿಷ್ಠ 9 ಮಿಲಿಮೀಟರ್ ಉಳಿದಿರಬೇಕು. ನಾರಿಸ್ ಮತ್ತು ಪಿಯಾಸ್ಟ್ರಿ ಓಡಿಸಿದ ಎರಡೂ ಮೆಕ್ಲಾರೆನ್ ಕಾರುಗಳಲ್ಲಿ ಹಲಗೆ ಮಿಲಿಮೀಟರಿನ ಒಂದು ಚೂರಿನಷ್ಟು ಹೆಚ್ಚು ಸವೆದಿತ್ತು. ಇಬ್ಬರೂ ಅನರ್ಹ. ಜಮಾ ಆದ 18 ಮತ್ತು 12 ಅಂಕಗಳನ್ನು ಹಿಂದಕ್ಕೆ ತೆಗೆದರು. 42 ಇರಬೇಕಾಗಿದ್ದ ನಾರಿಸ್–ವರ್ಸ್ಟಾಪನ್ ಅಂತರ 24ಕ್ಕೆ ಇಳಿಯಿತು. ಆ ಹಲಗೆ ಸವೆಯದೆ ಇದ್ದಿದ್ದರೆ ಅಬುಧಾಬಿಯ ಸಂಜೆಗೆ ಆ ಬಿಗಿಯೇ ಇರುತ್ತಿರಲಿಲ್ಲ.

ಇದಕ್ಕೂ ಮಿಗಿಲಾದದ್ದು 2007ರ ಕಥೆ. ಆಗ ಗೆದ್ದವರಿಗೆ 10 ಅಂಕ, ಮೊದಲ ಎಂಟು ಮಂದಿಗೆ 10, 8, 6, 5, 4, 3, 2, 1. ಎರಡು ರೇಸು ಉಳಿದಿದ್ದಾಗ ಹೊಸ ಹುಡುಗ ಲೂಯಿಸ್ ಹ್ಯಾಮಿಲ್ಟನ್ 107, ಅಲೊನ್ಸೊ 95, ಫಿನ್ಲೆಂಡಿನ ಕಿಮಿ ರೈಕೊನೆನ್ 90. ಇರುವುದು 20 ಅಂಕ, ರೈಕೊನೆನ್ ಹಿಂದಿರುವುದು 17 ಅಂಕ. ಲೆಕ್ಕದ ಬಾಗಿಲು ಪೂರ್ತಿ ಮುಚ್ಚಿಲ್ಲ, ಒಂದು ಸಂದಿಯಿದೆ ಅಷ್ಟೆ. ಚೀನಾದಲ್ಲಿ ಸವೆದ ಟೈರಿನಲ್ಲೇ ಓಡುತ್ತಿದ್ದ ಹ್ಯಾಮಿಲ್ಟನ್, ಟೈರು ಬದಲಿಸಲು ಒಳಗೆ ಬರುವ ದಾರಿಯಲ್ಲಿ ಜಾರಿ ಜಲ್ಲಿಕಲ್ಲಿನಲ್ಲಿ ಸಿಕ್ಕಿಕೊಂಡರು. ಸೊನ್ನೆ. ರೈಕೊನೆನ್ ಗೆದ್ದು 100, ಅಲೊನ್ಸೊ 103. ಬ್ರೆಜಿಲ್‌ನ ಕೊನೆಯ ರೇಸನ್ನೂ ರೈಕೊನೆನ್ ಗೆದ್ದರು. ಹ್ಯಾಮಿಲ್ಟನ್‌ಗೆ ಐದನೆಯ ಸ್ಥಾನ ಸಾಕಿತ್ತು, ಬಂದದ್ದು ಏಳನೆಯ ಸ್ಥಾನ. ರೈಕೊನೆನ್ 110, ಹ್ಯಾಮಿಲ್ಟನ್ 109, ಅಲೊನ್ಸೊ 109. ಮೂವರೂ ಒಂದೇ ಅಂಕದ ಒಳಗೆ!

ಮರುವರ್ಷ, 2008ರಲ್ಲಿ, ಅದೇ ಊರು, ಸಾವೊ ಪಾಲೊ. ಅದೇ ಹ್ಯಾಮಿಲ್ಟನ್. ಎದುರಿಗೆ ಅದೇ ಊರಿನ ಮಗ ಫೆಲಿಪೆ ಮಸ್ಸಾ. ಹ್ಯಾಮಿಲ್ಟನ್ 94, ಮಸ್ಸಾ 87. ಮಸ್ಸಾ ಗೆದ್ದರೆ 97 ಆಗುತ್ತದೆ. ಹ್ಯಾಮಿಲ್ಟನ್ ಐದನೆಯವರಾದರೆ 4 ಅಂಕ ಸೇರಿ 98, ಪಟ್ಟ ಅವರದು. ಆರನೆಯವರಾದರೆ 3 ಅಂಕ ಸೇರಿ 97, ಸಮಸಮ. ಸಮವಾದಾಗ ವರ್ಷದಲ್ಲಿ ಯಾರು ಹೆಚ್ಚು ರೇಸು ಗೆದ್ದಿದ್ದಾರೆ ಎಂದು ನೋಡುತ್ತಾರೆ. ಮಸ್ಸಾ ಆರು, ಹ್ಯಾಮಿಲ್ಟನ್ ಐದು. ಪಟ್ಟ ಮಸ್ಸಾ ಅವರದು. ಐದನೆಯ ಸ್ಥಾನಕ್ಕೂ ಆರನೆಯದಕ್ಕೂ ನಡುವೆ ಇಷ್ಟು ಬೆಲೆಯ ಗೆರೆ ಇನ್ನೊಂದಿರಲಾರದು.

ಕೊನೆಯ ಸುತ್ತುಗಳಲ್ಲಿ ಮಳೆ ಬಂತು. ಮಸ್ಸಾ ಮೊದಲಿಗರಾಗಿ ಗೆರೆ ದಾಟಿದರು. ಆ ಕ್ಷಣ ಹ್ಯಾಮಿಲ್ಟನ್ ಆರನೆಯವರಾಗಿ ಇನ್ನೂ ಹಿಂದೆ ಓಡುತ್ತಿದ್ದರು. ಮಸ್ಸಾ ಮನೆಯವರು ಫೆರಾರಿ ತಂಡದ ಗ್ಯಾರೇಜಿನಲ್ಲಿ ಒಬ್ಬರನ್ನೊಬ್ಬರು ತಬ್ಬಿ ಕುಣಿದರು. ಇತ್ತ ಟಿಮೊ ಗ್ಲಾಕ್ ಎಂಬ ಚಾಲಕ ಮಳೆಯಲ್ಲೂ ಒಣ ರಸ್ತೆಯ ಟೈರಿನಲ್ಲೇ ಉಳಿದಿದ್ದರು. ಅವರ ಕಾರು ಜಾರುತ್ತಾ ನಿಧಾನವಾಯಿತು. ಕೊನೆಯ ಸುತ್ತಿನ ಕೊನೆಯ ತಿರುವುಗಳಲ್ಲಿ ಹ್ಯಾಮಿಲ್ಟನ್ ಅವರನ್ನು ದಾಟಿ ಐದನೆಯವರಾದರು. ಮಸ್ಸಾ ಗೆರೆ ದಾಟಿ ಸುಮಾರು 39 ಸೆಕೆಂಡು ಆಗಿತ್ತು. ಅಷ್ಟು ಹೊತ್ತು ಬ್ರೆಜಿಲ್‌ಗೆ ಒಬ್ಬ ಚಾಂಪಿಯನ್ ಇದ್ದ. 98–97.

ಆ ಒಂದು ಅಂಕದ ಬಾಕಿ ಇನ್ನೂ ಚುಕ್ತಾ ಆಗಿಲ್ಲ. ಆ ವರ್ಷ ಸಿಂಗಪುರದಲ್ಲಿ ಒಬ್ಬ ಚಾಲಕ ತಂಡದವರ ಮಾತಿನಂತೆ ಬೇಕೆಂದೇ ಕಾರನ್ನು ಗೋಡೆಗೆ ಗುದ್ದಿಸಿದ್ದು ಮರುವರ್ಷ ಹೊರಬಿತ್ತು. ಆ ಅಪಘಾತದ ಹೊತ್ತಿಗೆ ಮುಂದಿದ್ದವರು ಮಸ್ಸಾ. ನಂತರದ ಗಡಿಬಿಡಿಯಲ್ಲಿ ಪೆಟ್ರೋಲ್ ತುಂಬುವ ಕೊಳವೆ ಕಾರಿಗೆ ಸಿಕ್ಕಿಕೊಂಡೇ ಹೊರಟು, ಅಂಕವಿಲ್ಲದೆ ಮುಗಿಸಿದ್ದರು. 2024ರಲ್ಲಿ ಅವರು ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿದರು.

ಮೊಮ್ಮಗಳಿಗೆ ನಾನು ಕೊಟ್ಟ ಇನ್ನೊಂದು ಲೆಕ್ಕ 1988ರದು. ನೀವೂ ಮಾಡಿ ನೋಡಿ. ಆಗ ಅಂಕಗಳು 9, 6, 4, 3, 2, 1. ರೇಸುಗಳು 16. ಫ್ರಾನ್ಸಿನ ಅಲೇನ್ ಪ್ರೋಸ್ಟ್ ಏಳು ರೇಸು ಗೆದ್ದು, ಏಳರಲ್ಲಿ ಎರಡನೆಯವರು. ಬ್ರೆಜಿಲ್‌ನ ಅಯರ್ಟನ್ ಸೆನ್ನಾ ಎಂಟು ಗೆದ್ದು, ಮೂರರಲ್ಲಿ ಎರಡನೆಯವರು, ಜೊತೆಗೆ ಒಂದು ನಾಲ್ಕನೆಯ, ಒಂದು ಆರನೆಯ ಸ್ಥಾನ. ಒಟ್ಟು ಎಷ್ಟು?

ಅವಳು ಬರೆದಳು: ಪ್ರೋಸ್ಟ್ 63 ಮತ್ತು 42, ಒಟ್ಟು 105. ಸೆನ್ನಾ 72, 18, 3, 1, ಒಟ್ಟು 94. "ಪ್ರೋಸ್ಟ್ ಚಾಂಪಿಯನ್, ಹನ್ನೊಂದು ಅಂಕ ಜಾಸ್ತಿ!"

ಅಲ್ಲ, ಸೆನ್ನಾ. ಆ ಕಾಲದಲ್ಲಿ ಹದಿನಾರರಲ್ಲಿ ಅತ್ಯುತ್ತಮ ಹನ್ನೊಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಸೆನ್ನಾ ಅವರ ಎಂಟು ಗೆಲುವು, ಮೂರು ಎರಡನೆಯ ಸ್ಥಾನ ಸೇರಿ 90. ಪ್ರೋಸ್ಟ್ ಅವರ ಏಳು ಗೆಲುವು, ನಾಲ್ಕು ಎರಡನೆಯ ಸ್ಥಾನ ಸೇರಿ 87. ಉಳಿದ ಮೂರು ಎರಡನೆಯ ಸ್ಥಾನಗಳ 18 ಅಂಕ ಕಸದ ಬುಟ್ಟಿಗೆ. "ಇದು ಅನ್ಯಾಯ" ಎಂದು ಪೆನ್ಸಿಲ್ ಕೆಳಗಿಟ್ಟಳು. ನನಗೆ ಹಾಗನ್ನಿಸುವುದಿಲ್ಲ. ನಿಯಮ ವರ್ಷದ ಮೊದಲೇ ಇಬ್ಬರಿಗೂ ಗೊತ್ತಿತ್ತು, ಮತ್ತು ಅದು ಹೆಚ್ಚು ಗೆದ್ದವರ ಕಡೆಗೆ ವಾಲುವ ನಿಯಮ. ಆದರೆ ನೋಡುವವರಿಗೆ ಮಾತ್ರ ಅದು ತಲೆನೋವು. ಯಾರು ಮುಂದಿದ್ದಾರೆ ಎಂದು ತಿಳಿಯಲು ಬ್ಯಾಂಕಿನ ವರ್ಷಾಂತ್ಯದ ಲೆಕ್ಕದಷ್ಟು ತಿಣುಕಬೇಕು! 1991ರಿಂದ ಎಲ್ಲ ರೇಸುಗಳನ್ನೂ ಲೆಕ್ಕಕ್ಕೆ ಹಿಡಿಯತೊಡಗಿದರು. ನನಗೆ ನಿಜವಾಗಿ ಅನ್ಯಾಯ ಎನಿಸಿದ್ದು 2014ರ ನಿಯಮ. ಆ ವರ್ಷ ಕೊನೆಯ ರೇಸಿಗೆ ಮಾತ್ರ ಎಲ್ಲ ಅಂಕಗಳನ್ನೂ ದುಪ್ಪಟ್ಟು ಮಾಡಿದರು. ಕೊನೆಯ ಪರೀಕ್ಷೆಗೆ ಮಾತ್ರ ಇನ್ನೂರು ಮಾರ್ಕ್ಸ್ ಇಟ್ಟ ಹಾಗೆ. ಒಂದೇ ವರ್ಷಕ್ಕೆ ಕೈಬಿಟ್ಟರು.

ಅಂಕ ಇರುವವರ ಕಥೆಯೇ ಆಯಿತು. ಒಂದು ಅಂಕ ಸಿಗುವುದೇ ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಇದ್ದಾರೆ. ಫಾರ್ಮುಲಾ ಒನ್‌ನಲ್ಲಿ ಓಡಿದ ಮೊದಲ ಭಾರತೀಯ. 2005ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಟೈರುಗಳು ಸುರಕ್ಷಿತವಲ್ಲ ಎಂದು 14 ಕಾರುಗಳು ರೇಸು ಶುರುವಾಗುವ ಮುಂಚೆಯೇ ಹಿಂದೆ ಸರಿದವು. ಓಡಿದ್ದು ಆರೇ ಕಾರು. ಕಾರ್ತಿಕೇಯನ್ ನಾಲ್ಕನೆಯವರು, 5 ಅಂಕ. ಅಳಿದೂರಿಗೆ ಉಳಿದವನೇ ಗೌಡ ಎಂದು ನಗುವವರು ನಗಲಿ. ಅವರ ಖಾತೆಯಲ್ಲಿರುವುದು ಆ 5 ಅಂಕಗಳೇ, ಮತ್ತು ಅವನ್ನು ಯಾರೂ ಕಳೆದಿಲ್ಲ.

ಹಾಗಾದರೆ ಚಾಂಪಿಯನ್ ಯಾರು ಎಂದು ಊಹಿಸುವುದು ಹೇಗೆ? ನಾನೀಗ ಮಾಡುವುದು ಇಷ್ಟೇ. ಪ್ರತಿ ರೇಸಿನ ಮರುದಿನ ಉಳಿದ ಗರಿಷ್ಠ ಅಂಕ ಬರೆದು, ಅದಕ್ಕಿಂತ ಹೆಚ್ಚು ಹಿಂದಿರುವವರ ಹೆಸರಿಗೆ ಅಡ್ಡಗೆರೆ. ಉಳಿದವರಿಗೆ, ಮುಂದಿರುವವರು ಪ್ರತಿ ಸಲ ಎರಡನೆಯವರಾಗಿ ಬಂದರೆ ಏನಾಗುತ್ತದೆ, ಒಂದು ಸಲ ಸೊನ್ನೆ ಸುತ್ತಿದರೆ ಏನಾಗುತ್ತದೆ ಎಂದು ಎರಡು ಸಾಲು. ಸೊನ್ನೆಯ ಸಾಲನ್ನು ಬಿಡಬಾರದು. 2007ರ ಹ್ಯಾಮಿಲ್ಟನ್, 2025ರ ಪಿಯಾಸ್ಟ್ರಿ ಇಬ್ಬರೂ ಸಿಕ್ಕಿಬಿದ್ದದ್ದು ಆ ಸಾಲಿನಲ್ಲೇ. ಹೆಸರನ್ನು ಮಾತ್ರ ನಾನು ಮುಂಚೆಯೇ ಹೇಳುವುದಿಲ್ಲ. ದೋಸೆಯ ದುಡ್ಡು ಕೊಟ್ಟಾಗಿದೆ.

ಕೊನೆಗೊಂದು ಲೆಕ್ಕ. ಇದಕ್ಕೆ ಮೊಮ್ಮಗಳು ಅರ್ಧ ಗಂಟೆ ತೆಗೆದುಕೊಂಡಳು. 1984ರಲ್ಲಿ ಮೊನಾಕೊದಲ್ಲಿ ಜಡಿಮಳೆ. ಮುಂದಿದ್ದ ಪ್ರೋಸ್ಟ್ ರೇಸು ನಿಲ್ಲಿಸಿ ಎಂದು ಕೈಸನ್ನೆ ಮಾಡುತ್ತಿದ್ದರು, ಹಿಂದಿನಿಂದ ಸೆನ್ನಾ ಎಂಬ ಹೊಸಬ ಬಿರುಸಿನಿಂದ ಹತ್ತಿರವಾಗುತ್ತಿದ್ದರು. ಅಧಿಕಾರಿಗಳು ರೇಸು ನಿಲ್ಲಿಸಿದರು. ಪೂರ್ತಿ ನಡೆಯದ ರೇಸು ಎಂದು ಅರ್ಧ ಅಂಕ ಕೊಟ್ಟರು. ಗೆದ್ದ ಪ್ರೋಸ್ಟ್‌ಗೆ 9ರ ಬದಲು 4.5. ವರ್ಷದ ಕೊನೆಗೆ ಆಸ್ಟ್ರಿಯಾದ ನಿಕಿ ಲೌಡಾ 72, ಪ್ರೋಸ್ಟ್ 71.5. ಲೌಡಾಗೆ ಮೊನಾಕೊದಲ್ಲಿ ಸಿಕ್ಕಿದ್ದು ಸೊನ್ನೆ.

ರೇಸು ನಿಲ್ಲದೆ ಪೂರ್ತಿ ನಡೆದು, ಸೆನ್ನಾ ಪ್ರೋಸ್ಟ್ ಅವರನ್ನು ದಾಟಿ, ಪ್ರೋಸ್ಟ್ ಎರಡನೆಯವರಾಗಿ 6 ಅಂಕ ಪಡೆದಿದ್ದರೆ ಆ ವರ್ಷದ ಚಾಂಪಿಯನ್ ಯಾರು? 71.5ರಲ್ಲಿ 4.5 ಕಳೆದು 6 ಕೂಡಿಸಿ. ಉತ್ತರ 73 ಬಂದಾಗ ಅವಳು ಹಾಳೆಯನ್ನು ನನ್ನ ಮುಂದೆ ಹಿಡಿದು, "ತಾತ, ಹಾಗಾದ್ರೆ ಪ್ರೋಸ್ಟ್ ಆ ರೇಸು ಸೋತಿದ್ರೇನೇ ಗೆಲ್ತಿದ್ರು!" ಎಂದಳು. ನಾನು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ತಾಳೆ ನೋಡಿದೆ. ಸರಿಯಾಗಿತ್ತು.